ಗಗನಯಾತ್ರಿ ಆಗಬೇಕಂದ್ರ ಮೊದಲು ಪೈಲಟ್ ಆಗ್ರಿ

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಭಾರತದ ಯೋಜನೆಯಾದ ಗಗನಯಾನಕ್ಕೆ ಮೊದಲು ಆರಿಸಿದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ಅಂದರೆ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು. ಹಾಗಾಗಿ ‘ಗಗನಯಾತ್ರಿ ಕೋರ್ಸ್’ ಎಂದು ಫೀಸು ಕೇಳುವವರತ್ತ ತಿರುಗಿಯೂ ನೋಡಬೇಡಿ. ನೀವು ಹಿಡಿಯಬೇಕಾದದ್ದು ವಾಯುಪಡೆಯ ದಾರಿ.

ಮೊದಲ ಬಾಗಿಲು ವಿಜಯಪುರದ ಸೈನಿಕ ಶಾಲೆ. ಆರನೇ ತರಗತಿಗೆ ಸೇರಲು ಆ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ 10ರಿಂದ 12 ವರ್ಷ ಆಗಿರಬೇಕು. ಪ್ರವೇಶ ಪರೀಕ್ಷೆಯ 300 ಅಂಕಗಳಲ್ಲಿ 150 ಗಣಿತಕ್ಕೇ ಹೋಗುತ್ತವೆ. ಆರನೆಯದಕ್ಕೆ ಕನ್ನಡದಲ್ಲಿ ಬರೆಯಬಹುದು, ಒಂಬತ್ತನೆಯದಕ್ಕೆ ಇಂಗ್ಲಿಷ್ ಮಾತ್ರ. ಕನ್ನಡ ಶಾಲೆಯ ಮಕ್ಕಳು ಒಂಬತ್ತರವರೆಗೆ ಕಾಯದಿರುವುದೇ ಲೇಸು. ಹೆಣ್ಣುಮಕ್ಕಳಿಗೆ ಕಿತ್ತೂರಿನ ಸೈನಿಕ ಶಾಲೆಯೂ ಇದೆ. ಸೀಟು ಸಿಗಲಿಲ್ಲವೇ? ಬಾಗಲಕೋಟೆಯ ಯಾವುದೇ ಕಾಲೇಜಿನಿಂದಲೂ ಎನ್‌ಡಿಎ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಬಹುದು.

ಎನ್‌ಡಿಎಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು. ವಾಯುಪಡೆ ಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು. ಗಣಿತದಲ್ಲಿ 120 ಪ್ರಶ್ನೆ, 300 ಅಂಕ; ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಅಂದಾಜಿಗೆ ಗುರುತು ಹಾಕುವವರು ಕೆಡುವುದು ಇಲ್ಲೇ.

ಪುಸ್ತಕ ಕೊಳ್ಳುವ ಮುನ್ನ ಅಳತೆಪಟ್ಟಿ ತೆಗೆದುಕೊಳ್ಳಿ. ಎತ್ತರ ಕನಿಷ್ಠ 162.5 ಸೆಂ.ಮೀ. ಬೇಕು. ಗೋಡೆಗೆ ಬೆನ್ನು, ಸೊಂಟ ಅಂಟಿಸಿ, ಕಾಲು ನೇರ ಚಾಚಿ ನೆಲದ ಮೇಲೆ ಕೂತರೆ ಗೋಡೆಯಿಂದ ಹಿಮ್ಮಡಿಯವರೆಗೆ 99ರಿಂದ 120 ಸೆಂ.ಮೀ., ನೆಲದಿಂದ ನೆತ್ತಿಗೆ 81.5ರಿಂದ 96 ಸೆಂ.ಮೀ. ಬರಬೇಕು. ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಕಾಕ್‌ಪಿಟ್ಟಿನಲ್ಲಿ ಕಾಲು ಪೆಡಲಿಗೆ ಸರಿಯಾಗಿ ಎಟುಕಬೇಕು, ಮೊಣಕಾಲು ಫಲಕಕ್ಕೆ ತಾಗಬಾರದು, ಅಳತೆಗಳು ಅದಕ್ಕೇ. ಆಮೇಲೆ ಕಣ್ಣು. ದೂರದ್ದು ಕಾಣದೆ ಕನ್ನಡಕ ಹಾಕುವವರಿಗೆ ಎನ್‌ಡಿಎಯಿಂದ ಪೈಲಟ್ ಹಾದಿ ಇಲ್ಲ. ಬಣ್ಣ ಗುರುತಿಸುವುದನ್ನೂ ಕಣ್ಣಿನ ಡಾಕ್ಟರ ಹತ್ತಿರ ಈಗಲೇ ಪರೀಕ್ಷಿಸಿಕೊಳ್ಳಿ.

ಲಿಖಿತ ಪರೀಕ್ಷೆ ದಾಟಿದರೆ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ, ಐದು ದಿನದ್ದು. ವಾಯುಪಡೆಯ ಒಂದು ಕೇಂದ್ರ ಮೈಸೂರಿನಲ್ಲಿದೆ. ಒಂದೊಂದು ಪದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ ಬರೆಯಬೇಕು. ಬಾಯಿಪಾಠದ ಉತ್ತರ ಆ ವೇಗದಲ್ಲಿ ನಿಲ್ಲುವುದಿಲ್ಲ. ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಎನ್‌ಡಿಎ ಕೈತಪ್ಪಿದವರು ಪದವಿ ಮುಗಿಸಿ, 20ರಿಂದ 24ನೇ ವಯಸ್ಸಿನೊಳಗೆ ವಾಯುಪಡೆಯದೇ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಮೂಲಕ ಬರಬಹುದು. ಆದರೆ ಆ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರಿಗೆ ಅಲ್ಲೂ ಪೈಲಟ್ ಬಾಗಿಲು ಮುಚ್ಚಿರುತ್ತದೆ.

ಮುಂದೆ ಹಲವು ವರ್ಷದ ಹಾರಾಟ, ಬೆಂಗಳೂರಿನಲ್ಲಿ ಟೆಸ್ಟ್ ಪೈಲಟ್ ತರಬೇತಿ, ಅಲ್ಲಿಯೇ ವೈಮಾನಿಕ ವೈದ್ಯಕೀಯ ಸಂಸ್ಥೆಯ ತಪಾಸಣೆ. ಗಗನಯಾನಕ್ಕೆ ಆರಿಸಿದ ಆ ನಾಲ್ವರಲ್ಲಿ ಒಬ್ಬರು, 2006ರಲ್ಲಿ ವಾಯುಪಡೆಯ ಅಧಿಕಾರಿಯಾದ ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹಾರಿದ್ದು 2025ರ ಜೂನ್ 25ರಂದು.