ಸರ್ಕಾರದ ಡೇಟಾ ನಮ್ಮ ಕೆಲಸಕ್ಕೆ ಬರುವುದು ಹೇಗೆ?

ಎಷ್ಟು ಮನೆಗೆ ನೀರು ಬರುತ್ತಿದೆ, ಬಸ್ ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ? ಇಂಥ ಲೆಕ್ಕಗಳನ್ನು ಸರ್ಕಾರಗಳು ಬರೆದಿಡುತ್ತಲೇ ಇರುತ್ತವೆ. ಅದು ಕಡತದಲ್ಲೇ ಕೂತರೆ ಕಚೇರಿಗಷ್ಟೇ ಉಪಯೋಗ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಳಸಬಹುದು, ಹಂಚಬಹುದು ಎಂದು ಹೊರಗಿಟ್ಟರೆ ಅದು ಮುಕ್ತ ಡೇಟಾ.

ಹೊರಗಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳನ್ನೇ ನೋಡಿ. 1972ರಿಂದ ಅವು ಭೂಮಿಯ ಚಿತ್ರ ತೆಗೆಯುತ್ತಿವೆ. ಮೊದಲು ಚಿತ್ರಕ್ಕೆ ದುಡ್ಡು ಕೊಡಬೇಕಿತ್ತು, ದಿನಕ್ಕೆ ಹೋಗುತ್ತಿದ್ದದ್ದು ಹತ್ತಾರು ಚಿತ್ರ. 2008ರಲ್ಲಿ ಅಮೆರಿಕ ಇಡೀ ಸಂಗ್ರಹವನ್ನು ಉಚಿತ ಮಾಡಿತು. ಬೇಡಿಕೆ ದಿನಕ್ಕೆ ಸಾವಿರಾರು ಚಿತ್ರಗಳಿಗೆ ಏರಿತು. ಕಾಡು, ಬೆಳೆ, ಕೆರೆಗಳ ಮೇಲೆ ಕಣ್ಣಿಡುವ ಎಷ್ಟೋ ಕೆಲಸಗಳು ಇವತ್ತು ಇದೇ ಚಿತ್ರಗಳ ಮೇಲೆ ನಿಂತಿವೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಸ್ಥೆ 1988ರಿಂದ ಅಮೆಜಾನ್ ಕಾಡು ಎಷ್ಟು ಕಡಿಮೆಯಾಯಿತು ಅನ್ನುವುದನ್ನು ವರ್ಷಕ್ಕೊಮ್ಮೆ ಅಳೆಯುತ್ತಿದೆ. 2004ರಲ್ಲಿ ಮರ ಬೀಳುತ್ತಿರುವಾಗಲೇ ಎಚ್ಚರಿಸುವ ವ್ಯವಸ್ಥೆಯೂ ಶುರುವಾಯಿತು. ಆ ವರ್ಷ 27,000 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಕಾಡು ಹೋಗಿತ್ತು. 2012ರ ಹೊತ್ತಿಗೆ ಅದು 5,000ಕ್ಕಿಂತ ಕೆಳಗೆ ಬಂತು. ಇದು ಡೇಟಾ ಒಂದರಿಂದಲೇ ಆದದ್ದಲ್ಲ, ಕಾನೂನು ಜಾರಿಯೂ ಬಿಗಿಯಾಗಿತ್ತು. ಆದರೆ ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿಲ್ಲದೆ ಅಧಿಕಾರಿಗಳು ಅಷ್ಟು ದೊಡ್ಡ ಕಾಡಿನಲ್ಲಿ ಏನು ತಾನೇ ಮಾಡಿಯಾರು?

ಇಷ್ಟು ದೊಡ್ಡ ಕೆಲಸವೇ ಆಗಬೇಕೆಂದಿಲ್ಲ. ಒಂದು ಕಂಪ್ಯೂಟರ್, ಸ್ವಲ್ಪ ತಾಳ್ಮೆ ಇದ್ದರೆ ನೀವೂ ಶುರು ಮಾಡಬಹುದು.

ಮೊದಲು ಪ್ರಶ್ನೆ, ಆಮೇಲೆ ಫೈಲ್

ಹೆಚ್ಚಿನವರು ಎಡವುವುದು ಇಲ್ಲೇ. ಸರ್ಕಾರ ಡೇಟಾ ಹಾಕಿಡುವ ಜಾಲತಾಣ, ಅಂದರೆ ಪೋರ್ಟಲ್ ತೆರೆದು, ಸಿಕ್ಕ ಫೈಲನ್ನೆಲ್ಲ ಇಳಿಸಿಕೊಂಡು, ಆಮೇಲೆ ‘ಇದರಲ್ಲಿ ಏನಿದೆ’ ಎಂದು ಹುಡುಕುತ್ತಾರೆ. ಉಲ್ಟಾ ಮಾಡಿ. ಒಂದು ಸಾಲಿನ ಪ್ರಶ್ನೆ ಬರೆದುಕೊಳ್ಳಿ. ‘ನೀರಿನ ಸ್ಥಿತಿ ಹೇಗಿದೆ’ ಅಂದರೆ ಸಾಲದು. ‘ಯಾವ ಬಡಾವಣೆಯವರು ನೀರು ತರಲು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕಳೆಯುತ್ತಾರೆ’ ಅಂದರೆ ಅದು ಪ್ರಶ್ನೆ.

ಅರ್ಧ ಗಂಟೆ ಸುಮ್ನೆ ಹೇಳಿದ ಮಾತಲ್ಲ. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 2030ರೊಳಗೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು, ಅವುಗಳ ಅಡಿಯಲ್ಲಿ 169 ಉಪಗುರಿಗಳನ್ನು ಒಪ್ಪಿಕೊಂಡವು. ಅವುಗಳನ್ನು ಅಳೆಯಲು ಸೂಚಕಗಳಿವೆ. ನೀರಿನ ಲೆಕ್ಕದಲ್ಲಿ, ಸುಧಾರಿತ ಮೂಲದಿಂದ (ನಲ್ಲಿ, ಕೊಳವೆಬಾವಿಯಂಥ, ಹೊರಗಿನ ಕೊಳೆ ಸೇರದ ಮೂಲ) ನೀರು ತರಲು ಹೋಗಿ ಬರುವುದು, ಸಾಲಿನಲ್ಲಿ ನಿಲ್ಲುವುದು ಸೇರಿ 30 ನಿಮಿಷ ದಾಟದಿದ್ದರೆ ಅದು ‘ಮೂಲ ಸೌಲಭ್ಯ’. ಬಸ್ ವಿಷಯದಲ್ಲಾದರೆ 500 ಮೀಟರ್ ಒಳಗೆ ನಿಲ್ದಾಣ ಇರಬೇಕು. ನಿಮ್ಮ ಪ್ರಶ್ನೆಯನ್ನು ಇಂಥ ಒಂದು ಅಳತೆಗೆ ಕಟ್ಟಿ. ಆಗ ನಿಮ್ಮ ಲೆಕ್ಕವನ್ನು ಬೇರೆ ಕಡೆಯ ಲೆಕ್ಕದ ಜೊತೆ ಇಟ್ಟು ನೋಡಬಹುದು.

ಫೈಲ್ ಸಿಕ್ಕಿತು, ಇನ್ನು?

ಡೇಟಾ ಪೋರ್ಟಲ್‌ನಲ್ಲಿ ಇಲ್ಲದಿದ್ದರೆ ಆಯಾ ಇಲಾಖೆಯ ಜಾಲತಾಣದಲ್ಲಿ, ಅಂಕಿಅಂಶ ಕಚೇರಿಯಲ್ಲಿ ಹುಡುಕಿ. ಸಿಕ್ಕ ತಕ್ಷಣ ಎರಡು ವಿಷಯ ನೋಡಿ. ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ಏನು ಹೇಳುತ್ತದೆ? ಕೊನೆಯ ಸಲ ಯಾವಾಗ ಪರಿಷ್ಕರಿಸಿದ್ದಾರೆ? ಪಿಡಿಎಫ್‌ಗಿಂತ ಸಿಎಸ್‌ವಿ ಫೈಲ್ (ಕೋಷ್ಟಕವನ್ನು ಸರಳ ಪಠ್ಯವಾಗಿ ಇಡುವ ಫೈಲ್) ಮೇಲು. ಪಿಡಿಎಫ್ ಓದಲು ಚೆನ್ನ, ಲೆಕ್ಕ ಹಾಕಲು ಕಷ್ಟ.

ಸಿಎಸ್‌ವಿ ತೆರೆದಾಗ ಅಕ್ಷರಗಳೆಲ್ಲ ಗೋಜಲಾಗಿ ಕಂಡರೆ ಗಾಬರಿಯಾಗಬೇಡಿ. ನೇರವಾಗಿ ತೆರೆಯುವ ಬದಲು ಸ್ಪ್ರೆಡ್‌ಶೀಟ್‌ಗೆ ಇಂಪೋರ್ಟ್ ಮಾಡಿ, ಕನ್ನಡದಂಥ ಲಿಪಿಗಳನ್ನೂ ಓದಬಲ್ಲ ‘ಯುಟಿಎಫ್-8’ ಅನ್ನುವ ಅಕ್ಷರ ಸಂಕೇತ ಆರಿಸಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಮೂಲ ಫೈಲನ್ನು ಹಾಗೇ ಎತ್ತಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿ.

ಖಾಲಿ ಚೌಕ ಸೊನ್ನೆಯಲ್ಲ

ಡೇಟಾ ಸರಿಮಾಡಿಕೊಳ್ಳುವ ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಒಂದು ಪಟ್ಟಿಯಲ್ಲಿ 10 ಕೊಳವೆಬಾವಿಗಳಿವೆ ಅಂದುಕೊಳ್ಳಿ. ‘ಸ್ಥಿತಿ’ ಅನ್ನುವ ಕಾಲಂನಲ್ಲಿ ಆರರ ಮುಂದೆ ‘ಚಾಲ್ತಿ’, ಎರಡರ ಮುಂದೆ ‘ಕೆಟ್ಟಿದೆ’, ಉಳಿದ ಎರಡರ ಮುಂದೆ ಏನೂ ಇಲ್ಲ. ಆ ಎರಡನ್ನು ಬಿಟ್ಟು ಲೆಕ್ಕ ಹಾಕಿದರೆ ಎಂಟರಲ್ಲಿ ಆರು, ಅಂದರೆ 75 ಶೇಕಡಾ ಕೆಲಸ ಮಾಡುತ್ತಿವೆ. ಕೆಟ್ಟಿವೆ ಎಂದು ಹಿಡಿದರೆ 60 ಶೇಕಡಾ. ಒಂದೇ ಪಟ್ಟಿ, ಎರಡು ಸುದ್ದಿ! ಖಾಲಿ ಅಂದರೆ ಯಾರೂ ಹೋಗಿ ನೋಡಿಲ್ಲ ಅಂತಲೂ ಇರಬಹುದು, ನೋಡಿದವರು ಬರೆದಿಲ್ಲ ಅಂತಲೂ ಇರಬಹುದು. ‘ಎರಡರ ಮಾಹಿತಿ ಇಲ್ಲ’ ಎಂದೇ ಬರೆಯಿರಿ. ಅದೇ ಪ್ರಾಮಾಣಿಕ ಲೆಕ್ಕ.

ಒಂದೇ ಊರಿನ ಹೆಸರು ಮೂರು ಥರ ಬರೆದಿರುತ್ತದೆ, ಅದನ್ನೂ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಮೂರು ಊರು ಅಂದುಕೊಳ್ಳುತ್ತದೆ.

ಸರಾಸರಿಯ ಹಿಂದೆ ಯಾರಿದ್ದಾರೆ?

ಒಂದು ಪ್ರದೇಶದಲ್ಲಿ 1,000 ಮನೆ. ಒಂದು ಭಾಗದ 900 ಮನೆಗಳಲ್ಲಿ 855ಕ್ಕೆ ನಲ್ಲಿ ನೀರಿದೆ. ಇನ್ನೊಂದು ಭಾಗದ 100 ಮನೆಗಳಲ್ಲಿ 30ಕ್ಕೆ ಮಾತ್ರ. ಒಟ್ಟು ನೋಡಿದರೆ 88.5 ಶೇಕಡಾ, ವರದಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆ 70 ಮನೆಯವರು ಎಲ್ಲಿ ಹೋದರು? ಸರಾಸರಿಯೊಳಗೆ ಮುಚ್ಚಿಹೋದರು. ಅದಕ್ಕೇ ವಿಶ್ವಸಂಸ್ಥೆಯ ಉಪಗುರಿ 17.18, ಅಂಕಿಅಂಶವನ್ನು ಆದಾಯ, ಲಿಂಗ, ವಯಸ್ಸು, ಅಂಗವೈಕಲ್ಯ, ಪ್ರದೇಶ ಇತ್ಯಾದಿಯಾಗಿ ಬಿಡಿಸಿ ಕೊಡಬೇಕು ಅನ್ನುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಯಾರನ್ನೂ ಹಿಂದೆ ಬಿಡಬಾರದು ಅನ್ನುವವರಿಗೆ ಹಿಂದೆ ಉಳಿದವರು ಯಾರು ಅಂತ ಮೊದಲು ಕಾಣಬೇಕಲ್ವಾ?

ಬಿಡಿಸುವಾಗ ಒಂದು ಎಚ್ಚರ. ಪುಟ್ಟ ಊರಿನಲ್ಲಿ ಒಂದು ಕಾಯಿಲೆ ಇರುವವರು ಒಬ್ಬರೇ ಆಗಿದ್ದರೆ, ಹೆಸರು ಬರೆಯದಿದ್ದರೂ ಅವರು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅಷ್ಟು ಸಣ್ಣ ಸಂಖ್ಯೆಗಳನ್ನು ಹೊರಗೆ ಹಾಕಬೇಡಿ. ಸುತ್ತಲ ಊರುಗಳ ಜೊತೆ ಸೇರಿಸಿ ಕೊಡಿ.

ತೋರಿಸಿ, ವಾಪಸ್ ಕೊಡಿ

ಫಲಿತಾಂಶಕ್ಕೆ ಒಂದು ನಕ್ಷೆ ಸಾಕು. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆ ಉಚಿತವಾಗಿ ಸಿಗುತ್ತದೆ, ಅದರ ಮೇಲೆ ಬಾವಿಗಳನ್ನು ಗುರುತಿಸಿ. ಡೇಟಾ ಎಲ್ಲಿಂದ, ಯಾವ ದಿನಾಂಕದ್ದು, ಏನು ಬಿಟ್ಟಿದ್ದೀರಿ ಎಂದು ಕೆಳಗೆ ಬರೆಯಿರಿ. ನಕ್ಷೆಯನ್ನು ಮೊದಲು ಅಲ್ಲಿ ವಾಸಿಸುವವರಿಗೆ ತೋರಿಸಿ. ‘ಈ ಬಾವಿ ಕೆಟ್ಟು ತುಂಬಾ ದಿನ ಆಯ್ತು’ ಎಂದು ಅವರು ಹೇಳುವ ಒಂದು ಮಾತು ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ.

ಆಮೇಲೆ ತಿದ್ದುಪಡಿಗಳ ಜೊತೆ ಡೇಟಾ ಕೊಟ್ಟ ಕಚೇರಿಗೆ ಹೋಗಿ. ಎಷ್ಟನೇ ಸಾಲಿನಲ್ಲಿ ಏನು ತಪ್ಪಿದೆ, ಯಾವುದು ಖಾಲಿ ಇದೆ ಎಂದು ಪಟ್ಟಿ ಮಾಡಿ ಬರೆದು ಕೊಡಿ. ಸುಮ್ಮನೆ ದೂರುವವರಿಗಿಂತ ಹೀಗೆ ಬಂದವರ ಜೊತೆ ಕೆಲಸ ಮಾಡುವುದು ಅಲ್ಲಿರುವವರಿಗೂ ಸುಲಭ. ಮೂರು ತಿಂಗಳು ಬಿಟ್ಟು ಅದೇ ಫೈಲನ್ನು ಮತ್ತೆ ಇಳಿಸಿ, ಆ ಎರಡು ಖಾಲಿ ಚೌಕಗಳಲ್ಲಿ ಏನು ಬರೆದಿದೆ ನೋಡಿ.