ಅಂಗವಿಕಲರ ಹಕ್ಕು ಕೈತಪ್ಪಿದಾಗ: ಅರ್ಜಿಯಿಂದ ಆಯುಕ್ತರ ಕಚೇರಿಯವರೆಗೆ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿದ್ದರೆ, ಈಗಿನ ಪಟ್ಟಿಯಲ್ಲಿ 21 ಬಗೆಗಳಿದ್ದು, ಆಟಿಸಂ, ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆಗಳೂ ಅದರಲ್ಲಿ ಸೇರಿವೆ. ಇಷ್ಟಾದರೂ ಬಾಯಿಮಾತಿನಲ್ಲಿ ಕೇಳಿ, ಬಾಯಿಮಾತಿನಲ್ಲೇ ಇಲ್ಲವೆನ್ನಿಸಿಕೊಂಡು ಮರಳುವವರು ಬಹಳ. ದಾಖಲೆಯೇ ಇಲ್ಲದ ನಿರಾಕರಣೆಯನ್ನು ಮುಂದೆ ಯಾರೆದುರೂ ಪ್ರಶ್ನಿಸುವುದು ಕಷ್ಟ.

ಮೊದಲು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಬಳಿಕ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರವು ತಪಾಸಣೆ ನಡೆಸಿ ಅಂಗವೈಕಲ್ಯದ ಶೇಕಡಾ ಪ್ರಮಾಣವನ್ನು ನಿರ್ಧರಿಸುತ್ತದೆ. ಹಳ್ಳಿಯವರು ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ನಿಗದಿಪಡಿಸಿದ ಪ್ರಮಾಣ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಶೇ 40ರ ಗೆರೆ ಎಲ್ಲಿ ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಕಚೇರಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಸರ್ಕಾರಿ ಉದ್ಯೋಗದಲ್ಲಿ ಶೇ 4ರ ಮೀಸಲಾತಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರ ಮೀಸಲಾತಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ, ಇವುಗಳಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಲೇಬೇಕು. ಆದರೆ ತಾರತಮ್ಯಕ್ಕೆ ಒಳಗಾಗದಿರುವ ಹಕ್ಕಿಗೂ, ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ವ್ಯವಸ್ಥೆಯನ್ನು ಹೊಂದಿಸಿಕೊಡುವಂತೆ ಕೇಳುವ ಹಕ್ಕಿಗೂ ಆ ಮಿತಿಯಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಶೇ 40 ಇಲ್ಲವೆಂಬ ಒಂದೇ ಕಾರಣಕ್ಕೆ ನಿಮ್ಮ ಮನವಿಯನ್ನು ಬದಿಗಿಟ್ಟರೆ ಈ ತೀರ್ಪನ್ನು ಅರ್ಜಿಯಲ್ಲೇ ಉಲ್ಲೇಖಿಸಿ.

ಅರ್ಜಿ ಚಿಕ್ಕದಾಗಿರಲಿ, ಬೇಡಿಕೆ ಖಚಿತವಾಗಿರಲಿ. ‘ಅನುಕೂಲ ಮಾಡಿಕೊಡಿ’ ಎಂದು ಬರೆಯುವ ಬದಲು, ಎರಡನೇ ಮಹಡಿಯಲ್ಲಿರುವ ನಿಮ್ಮ ವಿಭಾಗವನ್ನು ನೆಲಮಹಡಿಗೆ ಬದಲಾಯಿಸಬೇಕೋ, ಪರೀಕ್ಷೆಗೆ ಹೆಚ್ಚುವರಿ ಸಮಯ ಬೇಕೋ, ಕಂಪ್ಯೂಟರ್ ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಬೇಕೋ ಎಂಬುದನ್ನು ಹೆಸರಿಸಿ ಬರೆಯಿರಿ. ಸಂಸ್ಥೆಯ ಮೇಲೆ ಅಸಮಂಜಸ ಹೊರೆ ಬೀಳುವಂಥ ಬದಲಾವಣೆಯನ್ನು ಕಾಯ್ದೆ ಕಡ್ಡಾಯ ಮಾಡಿಲ್ಲವಾದ್ದರಿಂದ, ಕಡಿಮೆ ಖರ್ಚಿನ ಪರಿಹಾರವನ್ನು ನೀವೇ ಸೂಚಿಸುವುದು ಜಾಣತನ. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಕಾರಣ ಸಹಿತ ಲಿಖಿತ ಹಿಂಬರಹ ನೀಡುವಂತೆ ಅರ್ಜಿಯ ಕೊನೆಯಲ್ಲೇ ಕೋರಿ.

ಸೇವೆಯಲ್ಲಿರುವಾಗಲೇ ಅಂಗವಿಕಲರಾದ ಸರ್ಕಾರಿ ನೌಕರರು ಯಾರದೋ ಒತ್ತಡಕ್ಕೆ ಮಣಿದು ರಾಜೀನಾಮೆ ಪತ್ರಕ್ಕೆ ಸಹಿ ಹಾಕಬಾರದು. ಅಂಥವರನ್ನು ಸೇವೆಯಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಈಗಿನ ಹುದ್ದೆ ಹೊಂದದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು, ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು ಎಂದು 20ನೇ ಕಲಂ ಹೇಳುತ್ತದೆ.

ಸರ್ಕಾರಿ ಸಂಸ್ಥೆಗಳಲ್ಲಿ ಉದ್ಯೋಗ ಸಂಬಂಧಿ ದೂರುಗಳನ್ನು ಮೊದಲು ಅಲ್ಲಿನ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಸಲ್ಲಿಸಬಹುದು. ದೂರು ನೋಂದಣಿಯಾದ ಎರಡು ವಾರಗಳೊಳಗೆ ವಿಚಾರಣೆ ನಡೆಯಬೇಕು. ಅಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಯಿದೆ. ಹಕ್ಕಿನ ನಿರಾಕರಣೆಯ ಕುರಿತು ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೂ, ಕೇಂದ್ರ ಸರ್ಕಾರದ ಸಂಸ್ಥೆಯಾದರೆ ದೆಹಲಿಯ ಮುಖ್ಯ ಆಯುಕ್ತರಿಗೂ ದೂರು ನೀಡಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಕೊಡುವುದು ಶಿಫಾರಸು ಎಂಬುದನ್ನೂ ಗಮನದಲ್ಲಿಡಬೇಕು. ಅದನ್ನು ಒಪ್ಪದ ಪ್ರಾಧಿಕಾರವು ಮೂರು ತಿಂಗಳೊಳಗೆ ಕಾರಣವನ್ನು ಆಯುಕ್ತರಿಗೂ ನೊಂದವರಿಗೂ ತಿಳಿಸಬೇಕು.

ಸಾರ್ವಜನಿಕವಾಗಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು, ಹಲ್ಲೆ ನಡೆಸುವುದು ಮುಂತಾದವು ಬೇರೆಯೇ ದಾರಿಯವು. 92ನೇ ಕಲಮಿನಡಿ ಇವಕ್ಕೆ 6 ತಿಂಗಳಿಂದ 5 ವರ್ಷಗಳವರೆಗೆ ಸೆರೆವಾಸವಿದ್ದು, ನೇರವಾಗಿ ಪೊಲೀಸ್ ಠಾಣೆಗೆ ದೂರು ಕೊಡಬೇಕು.

ವಕೀಲರ ಶುಲ್ಕಕ್ಕೆ ಅಂಜಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಬಹುದು. ಹೋಗುವಾಗ ಯುಡಿಐಡಿ ಕಾರ್ಡ್‌ನ ಪ್ರತಿ, ಮುದ್ರೆ ಬಿದ್ದ ಅರ್ಜಿ ಹಾಗೂ ಕಚೇರಿ ಕೊಟ್ಟ ಹಿಂಬರಹ ಜೊತೆಗಿರಲಿ.