ಅಲೆಕ್ಸಾಂಡರ್ ಟೆಕ್ನಿಕ್ ಕಲಿಸಬೇಕೇ? ಕೈ ಪಳಗಲಿ

ಶಿರಸಿ ಕಡೆ ಅಡಿಕೆ ಸುಲಿಯಲು ತಾಸುಗಟ್ಟಲೆ ಬಗ್ಗಿ ಕೂರುವವರಿದ್ದಾರೆ, ಕಿರೀಟ ಹೊತ್ತು ಕುಣಿಯುವ ವೇಷಧಾರಿಗಳಿದ್ದಾರೆ. ಕೂರುವಾಗ, ಏಳುವಾಗ ಕುತ್ತಿಗೆ ಬಿಗಿಯುವುದನ್ನು ಗುರುತಿಸಿ ಬಿಡುವ ವಿಧಾನವೇ ಅಲೆಕ್ಸಾಂಡರ್ ಟೆಕ್ನಿಕ್; ಅದನ್ನು ಕಲಿಸುವವರಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. ಇದನ್ನು ರೂಪಿಸಿದ ನಟ ಎಫ್.ಎಂ. ಅಲೆಕ್ಸಾಂಡರ್ ಲಂಡನ್ನಿನಲ್ಲಿ 1931ರಲ್ಲಿ ಶುರು ಮಾಡಿದ ಶಿಕ್ಷಕರ ತರಬೇತಿ ಮೂರು ವರ್ಷದ್ದು. ಬ್ರಿಟನ್ನಿನ ಶಿಕ್ಷಕರ ಸಂಘ ಈಗಲೂ ಕನಿಷ್ಠ ಮೂರು ವರ್ಷ, 1600 ಗಂಟೆ ಕೇಳುತ್ತದೆ. ಐದು ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು. ಎರಡು ವಾರಾಂತ್ಯದಲ್ಲಿ ಪ್ರಮಾಣಪತ್ರ ಕೊಡುವವರ ಬಾಗಿಲಿಗೆ ಹೋಗಲೇಬೇಡಿ.

ಮೊದಲು ಒಬ್ಬ ಶಿಕ್ಷಕರ ಬಳಿ ಕೆಲ ತಿಂಗಳು ಒಂಟಿಯಾಗಿ ಪಾಠ ಹೇಳಿಸಿಕೊಳ್ಳಿ, ಆಮೇಲೆ ಕೋರ್ಸ್ ಸೇರಿ.

ದಿನಾ 15 ನಿಮಿಷ ಮಲಗಿ. ಹಾಸಿಗೆಯಲ್ಲಲ್ಲ, ನೆಲದ ಮೇಲೆ ಕಂಬಳಿ ಹಾಸಿ. ಮಂಡಿ ಮಡಚಿ ಮೇಲಕ್ಕೆ, ಪಾದ ನೆಲಕ್ಕೆ, ಕಣ್ಣು ತೆರೆದೇ ಇರಲಿ. ತಲೆಯಡಿಗೆ ಪುಸ್ತಕ: ಕಡಿಮೆಯಾದರೆ ಗದ್ದ ಮೇಲೇಳುತ್ತದೆ, ಹೆಚ್ಚಾದರೆ ಗಂಟಲು ಒತ್ತುತ್ತದೆ. ದಿಂಬು ಬೇಡ, ಅದು ಕುಸಿಯುತ್ತದೆ.

ಈ ಪಾಠ ಹೇಳುವುದು ಕೈಯಿಂದ ಮುಟ್ಟಿ; ಬಹುಪಾಲು ಜನ ಎಡವುವುದು ಆ ಕೈ ಇಡುವಲ್ಲೇ. ಎದುರಿನವರ ಕುತ್ತಿಗೆ ಮುಟ್ಟಿದ ಕೂಡಲೇ ನೆಟ್ಟಗೆ ಮಾಡಿಬಿಡುವ ಆಸೆ ಹುಟ್ಟುತ್ತದೆ, ಬೆರಳು ತಳ್ಳುತ್ತದೆ, ಅವರು ಇನ್ನಷ್ಟು ಬಿಗಿಯುತ್ತಾರೆ. ಅದಕ್ಕೇ ಕೈ ಇಡುವ ಅಭ್ಯಾಸ ಮನುಷ್ಯರ ಮೇಲಲ್ಲ, ಕುರ್ಚಿಯ ಮೇಲೆ ಶುರುವಾಗಲಿ. ಮರದ ಕುರ್ಚಿ, ಸಪಾಟು ಆಸನ. ಮದುವೆ ಮಂಟಪದ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರಿಸುತ್ತದೆ. ಮರದ ಕುರ್ಚಿಯ ಬೆನ್ನಪಟ್ಟಿಯ ಒಂದು ಬದಿಗೆ ನಾಲ್ಕು ಬೆರಳು, ಇನ್ನೊಂದು ಬದಿಗೆ ಹೆಬ್ಬೆರಳು, ಗೆಣ್ಣು ಮಡಚದೆ ಹಿಡಿಯಿರಿ. ಭುಜ ಏರಿತೇ? ಉಸಿರು ನಿಂತಿತೇ? ಕೈ ತೆಗೆಯಿರಿ. ಏನೂ ಮಾಡದೆ ನಿಲ್ಲಿ, ಕುತ್ತಿಗೆ ಸಡಿಲಿಸಿ, ಮತ್ತೆ ಹಿಡಿಯಿರಿ. ಈ ತಡೆದು ನಿಲ್ಲುವುದೇ ಪಾಠದ ಅರ್ಧಭಾಗ. ಆಮೇಲೆ ಸಹಪಾಠಿಯ ತಲೆಯ ಹಿಂದೆ ಅಂಗೈ ಇಡಿ, ದೋಸೆ ಮಗುಚುವವರ ಹಾಗೆ ಎತ್ತಬೇಡಿ. ಅವರು ಕುರ್ಚಿಯಿಂದ ಏಳುವಾಗ ತಲೆ ಹಿಂದಕ್ಕೆ ಜಗ್ಗುವುದು ಅಂಗೈಗೆ ತಿಳಿಯಬೇಕು. ತಿಳಿಯದಿದ್ದರೆ ನಿಮ್ಮ ಕೈಯೇ ಬಿಗಿದಿದೆ ಎಂದರ್ಥ, ವಾಪಸ್ ಕುರ್ಚಿಗೆ.

ಹೊರಗಿನವರಿಗೆ ಪಾಠ ಹೇಳುವುದು ಕೊನೆಯ ವರ್ಷಕ್ಕೆ, ಗುರುಗಳ ಎದುರಿಗೇ. ನೋವು ಹೇಳಿಕೊಂಡು ಬಂದವರನ್ನು ಮೊದಲು ಡಾಕ್ಟರ ಬಳಿ ಕಳಿಸಿ. ಬೆನ್ನು ನೆಟ್ಟಗೆ ಮಾಡುವ ಬೆಲ್ಟ್ ಕಟ್ಟಿಕೊಂಡು ಬಂದರೆ, ಪಾಠದ ಹೊತ್ತಿಗಾದರೂ ಬಿಚ್ಚಿಡಲು ಹೇಳಿ. ಡಾಕ್ಟರೇ ಕಟ್ಟಿಸಿದ್ದಾದರೆ ಮುಟ್ಟಬೇಡಿ.